ಫೋಟೋ ಬ್ಯಾಕಪ್ ಅರ್ಧಕ್ಕೇ ನಿಲ್ಲುತ್ತಿದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ಹದಿನೈದು ಇಪ್ಪತ್ತು ವರ್ಷಗಳ ಫೋಟೋ ಒಂದೇ ಲ್ಯಾಪ್‌ಟಾಪ್‌ನಲ್ಲಿ ಕೂತಿರುವ ಮನೆಗಳು ಈಗ ಬಹಳ. ಹಳೆಯ ಎರಡು ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರಗಳಿಂದ ಹಿಡಿದು ಮೊನ್ನೆಯ ಗೃಹಪ್ರವೇಶದ ವಿಡಿಯೋ ತನಕ ಎಲ್ಲ ಸೇರಿಸಿದರೆ 500 ಜಿಬಿ, 1 ಟಿಬಿ ಸುಲಭವಾಗಿ ಆಗುತ್ತದೆ. ನಾಲ್ಕು ಫೋಟೋ ಕಾಪಿ ಮಾಡುವಾಗ ಕಾಣದ ತೊಂದರೆಗಳು ಇಷ್ಟು ದೊಡ್ಡ ರಾಶಿ ಕಾಪಿ ಮಾಡುವಾಗ ಸಾಲುಗಟ್ಟಿ ಬರುತ್ತವೆ. ಮನೆಯವರು, ಸಣ್ಣ ಸ್ಟುಡಿಯೋ ನಡೆಸುವವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಹೆಚ್ಚಿನವು ವಿಂಡೋಸ್ ಲ್ಯಾಪ್‌ಟಾಪ್‌ನಿಂದ ಹೊರಗಿನ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡುವವರದ್ದು. ಮ್ಯಾಕ್, ಫೋನ್, ಕ್ಲೌಡ್ ಮಾತು ಬಂದಲ್ಲಿ ಬೇರೆಯಾಗಿ ಹೇಳಿದ್ದೇನೆ. ಸ್ಕ್ರೀನ್ ಮೇಲೆ ಇಂಗ್ಲಿಷಿನಲ್ಲಿ ಬರುವ ಎರರ್ ಸಂದೇಶಗಳನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಓದಿಕೊಂಡರೆ ಗೊತ್ತಾಗುತ್ತದೆ.

ಕಾಪಿ ಆಗುವಾಗ ಎರರ್ ಬಂತು. ಮೊದಲು ಏನು ಮಾಡಬೇಕು?

ಸ್ಕ್ರೀನಿನ ಒಂದು ಫೋಟೋ ತೆಗೆದುಕೊಳ್ಳಿ. ಯಾವ ಫೈಲ್, ಯಾವ ಸಂದೇಶ, ಎರಡೂ ಬೇಕು. "ಏನೋ ಎರರ್ ಬಂತು, ಓಕೆ ಒತ್ತಿದೆ" ಅಂದರೆ ಯಾರಿಗೂ ಸಹಾಯ ಮಾಡಲು ಆಗುವುದಿಲ್ಲ.

ಆಮೇಲೆ ಅದೇ ಫೋಲ್ಡರನ್ನು ಇನ್ನೊಮ್ಮೆ ಕಾಪಿ ಮಾಡಿ ನೋಡಿ. ಎರಡನೇ ಸಲವೂ ಅದೇ ಫೈಲ್ ಹತ್ತಿರ ನಿಂತರೆ ತೊಂದರೆ ಆ ಫೈಲಿನಲ್ಲಿದೆ: ಹೆಸರು, ಗಾತ್ರ, ಅಥವಾ ಡಿಸ್ಕ್‌ನ ಆ ಜಾಗ ಕೆಟ್ಟಿರುವುದು. ಒಂದೊಂದು ಸಲ ಒಂದೊಂದು ಕಡೆ ನಿಂತರೆ ಫೈಲನ್ನು ಬಿಟ್ಟು ಕೇಬಲ್, ಪೋರ್ಟ್, ಕರೆಂಟ್, ನೆಟ್ ಕಡೆ ನೋಡಿ. ಈ ಒಂದು ಪರೀಕ್ಷೆಯಿಂದಲೇ ಅರ್ಧ ಹುಡುಕಾಟ ಮುಗಿಯುತ್ತದೆ.

ಎರಡು ಕೆಲಸ ಮಾತ್ರ ಮಾಡಬೇಡಿ. ಒಂದು, ಕಟ್ ಮಾಡಿ ಪೇಸ್ಟ್ ಮಾಡುವುದು. ಬ್ಯಾಕಪ್ ಅಂದರೆ ಯಾವಾಗಲೂ ಕಾಪಿ. ಎರಡು, "ಡೂ ದಿಸ್ ಫಾರ್ ಆಲ್" ಅಂತ ಟಿಕ್ ಹಾಕಿ "ಸ್ಕಿಪ್" ಒತ್ತುವುದು. ಹಾಗೆ ಒತ್ತಿದರೆ ಯಾವ ಫೈಲ್ ಬಿಟ್ಟುಹೋಯಿತು ಅನ್ನುವ ಪಟ್ಟಿಯೇ ವಿಂಡೋಸ್‌ನಲ್ಲಿ ಉಳಿಯುವುದಿಲ್ಲ. ಕೊನೆಗೆ ಎಲ್ಲ ಸರಿಯಾಗಿ ಮುಗಿದಂತೆ ಕಿಟಕಿ ಮುಚ್ಚಿಕೊಳ್ಳುತ್ತದೆ. ಕಣ್ಣಿಗೆ ಬೀಳುವ ಎರರ್ ಬಗ್ಗೆ ನನಗೆ ಅಷ್ಟು ಭಯವಿಲ್ಲ. ಸದ್ದಿಲ್ಲದೆ ಬಿಟ್ಟುಹೋದ ಫೈಲ್ ಇದೆಯಲ್ಲ, ಅದೇ ಐದು ವರ್ಷದ ಮೇಲೆ ಕೈಕೊಡುವುದು.

ಡಿಸ್ಕ್‌ನಲ್ಲಿ 300 ಜಿಬಿ ಖಾಲಿ ಇದೆ. ಆದರೂ ಮದುವೆ ವಿಡಿಯೋಗೆ "ದಿ ಫೈಲ್ ಈಸ್ ಟೂ ಲಾರ್ಜ್ ಫಾರ್ ದಿ ಡೆಸ್ಟಿನೇಶನ್ ಫೈಲ್ ಸಿಸ್ಟಮ್" ಅನ್ನುತ್ತದೆ. ಯಾಕೆ?

ನಿಮ್ಮ ಡಿಸ್ಕ್ ಅಥವಾ ಪೆನ್‌ಡ್ರೈವ್ ಎಫ್‌ಎಟಿ 32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿದೆ. ಅದರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ, ಎಷ್ಟೇ ಜಾಗ ಖಾಲಿ ಇದ್ದರೂ. ಫೋಟೋಗಳೆಲ್ಲ ಹೋಗಿ ದೊಡ್ಡ ವಿಡಿಯೋಗಳು ಮಾತ್ರ ಉಳಿದರೆ ಕಾರಣ ಇದೇ.

ಡಿಸ್ಕ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ಎಫ್‌ಎಟಿ 32 ಇದ್ದರೆ ಒಳಗಿರುವುದನ್ನು ಬೇರೆ ಕಡೆ ಇಟ್ಟು ಹೊಸದಾಗಿ ಫಾರ್ಮ್ಯಾಟ್ ಮಾಡಿ. ಬರೀ ವಿಂಡೋಸ್ ಬಳಸುವವರಿಗೆ ಎನ್‌ಟಿಎಫ್‌ಎಸ್ ಒಳ್ಳೆಯದು. ಮಧ್ಯದಲ್ಲಿ ಕರೆಂಟ್ ಹೋದರೂ ಅದು ಸ್ವಲ್ಪ ತಡೆದುಕೊಳ್ಳುತ್ತದೆ. ಮ್ಯಾಕ್‌ನಲ್ಲೂ ಬಳಸಬೇಕಿದ್ದರೆ ಎಕ್ಸ್‌ಫ್ಯಾಟ್. ಯಾಕೆಂದರೆ ಮ್ಯಾಕ್ ಎನ್‌ಟಿಎಫ್‌ಎಸ್ ಡಿಸ್ಕನ್ನು ಓದುತ್ತದೆ, ಬೇರೆ ಸಾಫ್ಟ್‌ವೇರ್ ಇಲ್ಲದೆ ಅದಕ್ಕೆ ಬರೆಯುವುದಿಲ್ಲ. ಎಕ್ಸ್‌ಫ್ಯಾಟ್ ಡಿಸ್ಕನ್ನು ಮಾತ್ರ "ಇಜೆಕ್ಟ್" ಮಾಡದೆ ಎಳೆಯಬೇಡಿ. ಯಾವ ಫೈಲ್ ಎಲ್ಲಿದೆ ಅನ್ನುವ ಅದರ ಪಟ್ಟಿ ಬೇಗ ಕೆಡುತ್ತದೆ.

1 ಟಿಬಿ ಡಿಸ್ಕ್ ತಂದರೆ 931 ಜಿಬಿ ತೋರಿಸುತ್ತದೆ. ಮೋಸವಾ?

ಅಲ್ಲ. ತಯಾರಕರು 1000ದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಜಾಗ ಅಷ್ಟೇ ಇರುತ್ತದೆ.

ಹಾಗಾದರೆ ಆನ್‌ಲೈನ್‌ನಲ್ಲಿ ಐನೂರು ರೂಪಾಯಿಗೆ ಸಿಗುವ 2 ಟಿಬಿ ಪೆನ್‌ಡ್ರೈವ್?

ಅದು ಮೋಸ. ಒಳಗೆ ಇರುವುದು 32 ಅಥವಾ 64 ಜಿಬಿ ಚಿಪ್. 2 ಟಿಬಿ ಅಂತ ಸುಳ್ಳು ಹೇಳುವ ಹಾಗೆ ಅದನ್ನು ತಿದ್ದಿರುತ್ತಾರೆ. ಕಾಪಿ ಮಾಡುವಾಗ ಯಾವ ಎರರೂ ಬರುವುದಿಲ್ಲ. ಫೈಲಿನ ಹೆಸರು, ಗಾತ್ರ ಎಲ್ಲ ಕಾಣುತ್ತವೆ. ತೆರೆದರೆ ಏನೂ ಇಲ್ಲ. ಈಗಾಗಲೇ ತಂದಿದ್ದರೆ ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಎಫ್3 ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ ನಿಜವಾದ ಗಾತ್ರ ಎಷ್ಟು ಅಂತ ಪರೀಕ್ಷಿಸಿ. ಮೆಮೊರಿ ಕಾರ್ಡ್‌ಗಳಿಗೂ ಇದೇ ಮಾತು.

ಶುರುವಿನಲ್ಲಿ ಸೆಕೆಂಡಿಗೆ 120 ಎಂಬಿ ಇತ್ತು. ಅರ್ಧ ಗಂಟೆಯ ಮೇಲೆ 8 ಎಂಬಿಗೆ ಇಳಿಯಿತು. ಡಿಸ್ಕ್ ಹಾಳಾಗಿದೆಯಾ?

ಹಾಳಾಗಿರಲೇಬೇಕು ಅಂತಿಲ್ಲ. ಈಗಿನ ಅನೇಕ ಸಣ್ಣ ಪೋರ್ಟಬಲ್ ಹಾರ್ಡ್ ಡಿಸ್ಕ್‌ಗಳು ಎಸ್‌ಎಂಆರ್ ಅನ್ನುವ ತಂತ್ರದವು. ಮಂಗಳೂರು ಹೆಂಚು ಒಂದರ ಅಂಚಿನ ಮೇಲೆ ಇನ್ನೊಂದು ಕೂತಿರುವ ಹಾಗೆ ಅದರಲ್ಲಿ ದಾಖಲೆಯ ಸಾಲುಗಳು ಒಂದರ ಮೇಲೊಂದು ಸ್ವಲ್ಪ ಹಾಸಿಕೊಂಡಿರುತ್ತವೆ. ನಡುವಿನ ಒಂದು ಸಾಲು ಬದಲಿಸಲು ಪಕ್ಕದವನ್ನೂ ಎಬ್ಬಿಸಿ ಮತ್ತೆ ಬರೆಯಬೇಕು. ಸ್ವಲ್ಪ ಡೇಟಾ ಆದರೆ ಡಿಸ್ಕ್ ಅದನ್ನು ಒಂದು ಪಕ್ಕದ ಜಾಗದಲ್ಲಿ ಇಟ್ಟುಕೊಂಡು ಆಮೇಲೆ ಜೋಡಿಸುತ್ತದೆ. ಒಮ್ಮೆಗೇ ನೂರಾರು ಜಿಬಿ ಸುರಿದರೆ ಆ ಜಾಗ ತುಂಬಿ ವೇಗ ಬಿದ್ದುಹೋಗುತ್ತದೆ. ಹೀಗಾದಾಗ ಕಾಪಿ ನಿಲ್ಲಿಸಿ, ಕೇಬಲ್ ಕೀಳದೆ ಒಂದರ್ಧ ಗಂಟೆ ಡಿಸ್ಕನ್ನು ಸುಮ್ನೆ ಬಿಡಿ. 100, 150 ಜಿಬಿಯ ಕಂತುಗಳಲ್ಲಿ ಮಾಡಿದರೆ ಒಟ್ಟಿನ ಸಮಯ ಉಳಿಯುವುದೇ ಜಾಸ್ತಿ.

ಮೊದಲಿನಿಂದಲೇ 30, 35 ಎಂಬಿ ದಾಟುತ್ತಿಲ್ಲವಾದರೆ ಅದು ಯುಎಸ್‌ಬಿ 2 ಪೋರ್ಟ್ ಅಥವಾ ಕೇಬಲ್. ಆ ವೇಗದಲ್ಲಿ 1 ಟಿಬಿಗೆ ಸುಮಾರು 8 ಗಂಟೆ ಬೇಕು. ಯುಎಸ್‌ಬಿ 3 ಪೋರ್ಟ್‌ನಲ್ಲಿ ಸೆಕೆಂಡಿಗೆ 100 ಎಂಬಿ ಸಿಕ್ಕರೆ ಮೂರು ಗಂಟೆಯೊಳಗೆ ಮುಗಿಯುತ್ತದೆ. ಒಳಗೆ ನೀಲಿ ಪ್ಲಾಸ್ಟಿಕ್ ಇರುವುದು ಸಾಮಾನ್ಯವಾಗಿ ಯುಎಸ್‌ಬಿ 3. ಇನ್ನು ವಾಟ್ಸಾಪ್ ಫಾರ್ವರ್ಡ್‌ಗಳಂಥ ಸಾವಿರಾರು ಚಿಕ್ಕ ಫೈಲ್‌ಗಳಿದ್ದರೆ ಯಾವ ಡಿಸ್ಕೂ ಓಡುವುದಿಲ್ಲ. ಒಂದು ದೊಡ್ಡ ಫೈಲಿಗಿಂತ ಸಾವಿರ ಚಿಕ್ಕ ಫೈಲ್ ಬರೆಯುವುದು ಅದಕ್ಕೆ ಕಷ್ಟದ ಕೆಲಸ.

ಕಾಪಿ ಆಗುತ್ತಿದ್ದಾಗಲೇ ಡಿಸ್ಕ್ ಮಾಯವಾಗಿ ಮತ್ತೆ ಬರುತ್ತದೆ. ಟಣ್ ಟಣ್ ಶಬ್ದ ಬೇರೆ.

ಆ ಶಬ್ದ ವಿಂಡೋಸ್‌ನದ್ದಾದರೆ ಕೇಬಲ್ ನೋಡಿ. ಪೋರ್ಟಬಲ್ ಡಿಸ್ಕ್‌ನ ಅಗಲ ಮೂತಿಯ ಕೇಬಲ್ ಸಡಿಲವಾಗುವುದು ತುಂಬ ಸಾಮಾನ್ಯ. ಬೇರೆ ಕೇಬಲ್ ಹಾಕಿ, ಆಮೇಲೆ ಬೇರೆ ಪೋರ್ಟ್. ಹಬ್ ಬಳಸುತ್ತಿದ್ದರೆ ತೆಗೆದು ನೇರವಾಗಿ ಹಾಕಿ. ಡೆಸ್ಕ್‌ಟಾಪ್ ಆದರೆ ಮುಂದಿನ ಪೋರ್ಟ್ ಬಿಟ್ಟು ಹಿಂದಿನದಕ್ಕೆ ಹಾಕಿ, ಅಲ್ಲಿ ಕರೆಂಟ್ ಸರಿಯಾಗಿ ಸಿಗುತ್ತದೆ. ಲ್ಯಾಪ್‌ಟಾಪ್ ಸ್ಲೀಪ್‌ಗೆ ಹೋಗದ ಹಾಗೆ ಪವರ್ ಸೆಟ್ಟಿಂಗ್ ಬದಲಿಸಿ.

ಟಕ್ ಟಕ್ ಅನ್ನುವ ಶಬ್ದ ಡಿಸ್ಕ್‌ನ ಒಳಗಿನಿಂದಲೇ ಬರುತ್ತಿದ್ದರೆ ಮಾತು ಬೇರೆ. ಮುಂದಿನ ಉತ್ತರ ಓದುವ ಮೊದಲು ಡಿಸ್ಕ್ ಆಫ್ ಮಾಡಿ.

ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಕರೆಂಟ್ ಹೋಗುವ ಊರುಗಳಲ್ಲಿ ಲ್ಯಾಪ್‌ಟಾಪ್‌ನಿಂದಲೇ ಬ್ಯಾಕಪ್ ಮಾಡುವುದು ಜಾಣತನ, ಬ್ಯಾಟರಿ ಇರುತ್ತದಲ್ವಾ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಬೇಕೇ ಬೇಕು. ದೊಡ್ಡ ಡಿಸ್ಕ್‌ಗೆ ಬೇರೆ ಅಡಾಪ್ಟರ್ ಇದ್ದರೆ ಅದನ್ನೂ ಯುಪಿಎಸ್‌ಗೇ ಹಾಕಿ. ಇದನ್ನು ಮರೆಯುವವರೇ ಜಾಸ್ತಿ. ಗುಡುಗು ಸಿಡಿಲು ಇರುವಾಗ ಮೂಲ ಡಿಸ್ಕ್, ಬ್ಯಾಕಪ್ ಡಿಸ್ಕ್ ಎರಡನ್ನೂ ಒಂದೇ ಕಂಪ್ಯೂಟರ್‌ಗೆ ಸಿಕ್ಕಿಸಿ ಕೂರಬೇಡಿ.

"ಡೇಟಾ ಎರರ್, ಸೈಕ್ಲಿಕ್ ರಿಡಂಡೆನ್ಸಿ ಚೆಕ್" ಅಂತ ಬರುತ್ತದೆ. ಇಲ್ಲವೇ "ಐ/ಓ ಡಿವೈಸ್ ಎರರ್".

ಈ ಪುಟದಲ್ಲಿ ನಿಜವಾಗಿ ಗಾಬರಿಯಾಗಬೇಕಾದ ಎರರ್ ಇದು. ಡಿಸ್ಕ್‌ನ ಒಂದು ಜಾಗದಿಂದ ಓದಿದ ಡೇಟಾ ಅದರ ಲೆಕ್ಕಕ್ಕೆ ತಾಳೆಯಾಗುತ್ತಿಲ್ಲ ಅಂತ ಇದರ ಅರ್ಥ. ಒಮ್ಮೊಮ್ಮೆ ಕೆಟ್ಟ ಕೇಬಲ್‌ನಿಂದಲೂ ಬರಬಹುದು. ಹಾಗಾಗಿ ಕೇಬಲ್ ಬದಲಿಸಿ ಒಂದೇ ಒಂದು ಸಲ ನೋಡಿ. ಮತ್ತೆ ಅದೇ ಫೈಲ್‌ಗೆ ಬಂದರೆ ಮೂಲ ಡಿಸ್ಕ್ ಸಾಯಲು ಶುರುವಾಗಿದೆ ಅಂತಲೇ ತಿಳಿಯಿರಿ.

ಆಗ ಕ್ರಮ ಮುಖ್ಯ. ಇಡೀ ಡಿಸ್ಕ್ ಒಮ್ಮೆಗೇ ಕಾಪಿಗೆ ಹಾಕಬೇಡಿ. ಬೇರೆಲ್ಲೂ ಪ್ರತಿ ಇಲ್ಲದ ಫೋಟೋಗಳನ್ನು ಮೊದಲು ತೆಗೆಯಿರಿ: ತೀರಿಕೊಂಡ ಹಿರಿಯರದ್ದು, ಮಕ್ಕಳ ಮೊದಲ ವರ್ಷಗಳದ್ದು. ಫೇಸ್‌ಬುಕ್‌ಗೆ ಹಾಕಿದ ಪ್ರವಾಸದ ಫೋಟೋ ಆಮೇಲೆ. ಓದಲು ಬರದ ಫೈಲ್ ಸಿಕ್ಕರೆ ಅಲ್ಲೇ ಹಠ ಹಿಡಿಯದೆ ಬಿಟ್ಟು ಮುಂದೆ ಹೋಗಿ, ಹೆಸರು ಬರೆದಿಟ್ಟುಕೊಳ್ಳಿ. ಕೆಟ್ಟ ಜಾಗವನ್ನು ಮತ್ತೆ ಮತ್ತೆ ಓದಿಸಿದಷ್ಟೂ ಡಿಸ್ಕ್ ಬೇಗ ಹೋಗುತ್ತದೆ.

ಇಲ್ಲಿ ಬಹಳ ಜನ ಕೊಡುವ ಸಲಹೆ "ಚೆಕ್‌ಡಿಸ್ಕ್ ಓಡಿಸಿ". ಕಾಪಿ ಮುಗಿಯುವ ತನಕ ದಯವಿಟ್ಟು ಬೇಡ. ಅದು ಫೈಲ್ ಪಟ್ಟಿಯನ್ನು ಸರಿಮಾಡುವ ಸಾಧನ, ನಿಮ್ಮ ಫೋಟೋ ಉಳಿಸುವುದು ಅದರ ಕೆಲಸವಲ್ಲ. ಸಾಯುತ್ತಿರುವ ಡಿಸ್ಕನ್ನು ಅದು ಗಂಟೆಗಟ್ಟಲೆ ಕೆರೆಯುತ್ತದೆ. ಬದಲು ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಸಾಫ್ಟ್‌ವೇರ್ ಹಾಕಿ ನೋಡಿ. "ಕಾಶನ್" ಅಂತ ಹಳದಿ ತೋರಿಸಿ, "ರೀಅಲೊಕೇಟೆಡ್ ಸೆಕ್ಟರ್ಸ್" ಅಥವಾ "ಕರೆಂಟ್ ಪೆಂಡಿಂಗ್ ಸೆಕ್ಟರ್" ಲೆಕ್ಕ ಏರುತ್ತಿದ್ದರೆ ಆ ಡಿಸ್ಕನ್ನು ಮುಂದೆ ನಂಬುವಂತಿಲ್ಲ. ಲಿನಕ್ಸ್ ಬಲ್ಲವರು ಹತ್ತಿರ ಇದ್ದರೆ ಡಿಡಿರೆಸ್ಕ್ಯೂ ಬಳಸಿ ಇಡೀ ಡಿಸ್ಕ್‌ನ ಪ್ರತಿ ತೆಗೆಸಿ. ಅದು ಚೆನ್ನಾಗಿರುವ ಜಾಗವನ್ನು ಮೊದಲು ಓದಿ, ಕೆಟ್ಟದ್ದನ್ನು ಕೊನೆಗೆ ಮುಟ್ಟುತ್ತದೆ.

ಒಳಗಿನಿಂದ ಟಕ್ ಟಕ್ ಬರುವ ಡಿಸ್ಕ್‌ಗೆ ಮನೆಮದ್ದಿಲ್ಲ. ಫ್ರಿಜ್‌ನಲ್ಲಿಡುವುದು, ತಟ್ಟುವುದು, ಬಿಚ್ಚುವುದು ಯಾವುದೂ ಬೇಡ. ಡೇಟಾ ರಿಕವರಿ ಮಾಡುವವರ ಹತ್ತಿರ ಹೋಗಿ. ದುಡ್ಡು ಎಷ್ಟಾಗುತ್ತದೆ, ಫೋಟೋ ಸಿಗದಿದ್ದರೆ ಎಷ್ಟು ಕೊಡಬೇಕು ಅಂತ ಡಿಸ್ಕ್ ಕೊಡುವ ಮೊದಲೇ ಬರವಣಿಗೆಯಲ್ಲಿ ಕೇಳಿ.

"ಸೋರ್ಸ್ ಪಾತ್ ಟೂ ಲಾಂಗ್" ಅಂದರೆ?

ಫೋಲ್ಡರ್ ಒಳಗೆ ಫೋಲ್ಡರ್ ಇಟ್ಟು ಇಟ್ಟು ಒಟ್ಟು ವಿಳಾಸ ಉದ್ದವಾಗಿದೆ. ವಿಂಡೋಸ್‌ನಲ್ಲಿ ಹಳೆಯ ಮಿತಿ 260 ಅಕ್ಷರ. "ಹಳೇ ಲ್ಯಾಪ್‌ಟಾಪ್ ಬ್ಯಾಕಪ್" ಒಳಗೆ "ಡೆಸ್ಕ್‌ಟಾಪ್", ಅದರೊಳಗೆ "ಹೊಸ ಫೋಲ್ಡರ್ 3", ಅದರೊಳಗೆ ಮತ್ತೊಂದು "ಬ್ಯಾಕಪ್": ಬ್ಯಾಕಪ್‌ನ ಬ್ಯಾಕಪ್ ಮಾಡುತ್ತಾ ಬಂದವರಿಗೆ ಇದು ಖಂಡಿತ ಬರುತ್ತದೆ. ಆ ಒಳಗಿನ ಫೋಲ್ಡರನ್ನು ಎತ್ತಿ ಡ್ರೈವ್‌ನ ಮೇಲ್ಗಡೆಯೇ ಇಟ್ಟರೆ ಸಾಕು, ಹೆಸರು ಬದಲಿಸುವ ಕಷ್ಟವೂ ಇಲ್ಲ.

ಫೋಲ್ಡರ್ ಹೆಸರುಗಳನ್ನು ಕನ್ನಡದಲ್ಲಿ ಇಟ್ಟಿದ್ದೇನೆ. ಅದರಿಂದ ಎರರ್ ಬರುತ್ತಾ?

ಬರಬಹುದು. ಆದರೆ ಕನ್ನಡ ಹೆಸರು ಬಿಡಬೇಕು ಅನ್ನುವವರ ಮಾತು ಕೇಳಬೇಡಿ. ಎಲ್ಲಿ ತೊಡಕು ಅಂತ ಗೊತ್ತಿದ್ದರೆ ಸಾಕು.

ಮೊದಲನೆಯದು ಉದ್ದ. ಮನೆಯಲ್ಲಿ ನ್ಯಾಸ್ ಪೆಟ್ಟಿಗೆ (ಮನೆಯ ಎಲ್ಲ ಕಂಪ್ಯೂಟರ್‌ಗಳೂ ನೆಟ್‌ವರ್ಕ್ ಮೂಲಕ ಹಂಚಿಕೊಳ್ಳುವ ಡಿಸ್ಕ್) ಅಥವಾ ಲಿನಕ್ಸ್ ಡಿಸ್ಕ್ ಇದ್ದರೆ ಅಲ್ಲಿ ಒಂದು ಹೆಸರಿಗೆ ಸಾಮಾನ್ಯವಾಗಿ 255 ಬೈಟ್ ಮಿತಿ. ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್, ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್. ಸಂಕೇತ ಅಂದರೆ ನಾವು ಎಣಿಸುವ ಅಕ್ಷರವಲ್ಲ. "ಶ್ರೀಮತಿ" ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರ್‌ಗೆ ಶ, ಅರ್ಧಾಕ್ಷರದ ಗುರುತು, ರ, ದೀರ್ಘ, ಮ, ತ, ಗುಡಿಸು ಅಂತ 7 ಸಂಕೇತ, 21 ಬೈಟ್. ಹೀಗೆ 85 ಸಂಕೇತಕ್ಕೇ ಮಿತಿ ಮುಗಿಯುತ್ತದೆ. ವಿಂಡೋಸ್‌ನಲ್ಲಿ ಆರಾಮಾಗಿ ಕೂತಿದ್ದ "ಶ್ರೀಮತಿ ಮತ್ತು ಶ್ರೀ" ಅಂತ ಶುರುವಾಗುವ ಲಗ್ನಪತ್ರಿಕೆಯಂಥ ಹೆಸರು ನ್ಯಾಸ್‌ಗೆ ಹೋಗುವಾಗ "ಫೈಲ್ ನೇಮ್ ಟೂ ಲಾಂಗ್" ಅನ್ನುವುದು ಇದಕ್ಕೇ.

ಎರಡನೆಯದು ಇನ್ನೂ ಸೂಕ್ಷ್ಮ. ಒಂದೇ ಹೆಸರಿನ ಎರಡು ಫೋಲ್ಡರ್ ಅಕ್ಕಪಕ್ಕ ಕಾಣಿಸಿದರೆ ಕಣ್ಣು ಉಜ್ಜಿಕೊಳ್ಳಬೇಡಿ, ಅವು ನಿಜಕ್ಕೂ ಬೇರೆ ಬೇರೆ. "ರಾಜ್‌ಕುಮಾರ್" ಅಂತ ಬರೆಯುವಾಗ ಜ್ ಮತ್ತು ಕು ಅಂಟದಿರಲಿ ಅಂತ ಕೀಬೋರ್ಡ್ ನಡುವೆ ಕಾಣದ ಒಂದು ಸಂಕೇತ ಹಾಕುತ್ತದೆ. ಕೆಲವು ಹೆಸರುಗಳಲ್ಲಿ ಅದು ಎರಡು ಸಲ ಬಿದ್ದಿರುತ್ತದೆ, ಅಥವಾ ಹೆಸರಿನ ಕೊನೆಯಲ್ಲಿ ಉಳಿದಿರುತ್ತದೆ. ನೋಡಲು ಒಂದೇ, ಕಂಪ್ಯೂಟರ್‌ಗೆ ಎರಡು. ಹಳೆಯ ಮ್ಯಾಕ್ ಡಿಸ್ಕ್‌ಗಳದ್ದು ಇನ್ನೊಂದು ಕತೆ. ಅವು ೀ, ೇ, ೈ, ೊ, ೋ ಚಿಹ್ನೆಗಳನ್ನು ಬಿಡಿಸಿ ಇಟ್ಟುಕೊಳ್ಳುತ್ತವೆ. "ಫೋಟೋ" ಅನ್ನುವುದು ವಿಂಡೋಸ್‌ನಲ್ಲಿ 4 ಸಂಕೇತ, ಅಲ್ಲಿ 8. ಆ ಮ್ಯಾಕ್‌ನಿಂದಲೂ ವಿಂಡೋಸ್‌ನಿಂದಲೂ ಒಂದೇ ನ್ಯಾಸ್‌ಗೆ ಬ್ಯಾಕಪ್ ಮಾಡಿದರೆ ಸಿಂಕ್ ಸಾಫ್ಟ್‌ವೇರ್ ಎರಡನ್ನೂ ಬೇರೆ ಅಂತ ತಿಳಿದು ಇಡೀ ಸಂಗ್ರಹವನ್ನು ಎರಡು ಪ್ರತಿ ಮಾಡಿಬಿಡಬಹುದು. ಇಂಥ ಕಡೆ ಒಂದೇ ಕಂಪ್ಯೂಟರ್‌ನಿಂದ ಬ್ಯಾಕಪ್ ಮಾಡುವುದು ಎಲ್ಲಕ್ಕಿಂತ ಸರಳ ಪರಿಹಾರ.

ಇಪ್ಪತ್ತು ವರ್ಷ ಹಿಂದಿನ ಸಂಗ್ರಹದಲ್ಲಿ ಮತ್ತೊಂದು ಸಿಗುತ್ತದೆ. ಯೂನಿಕೋಡ್ ಅಲ್ಲದ ನುಡಿ, ಬರಹ ಫಾಂಟ್‌ಗಳ ಕಾಲದಲ್ಲಿ ಟೈಪ್ ಮಾಡಿದ ಹೆಸರುಗಳು ಈಗ ಅರ್ಥವಿಲ್ಲದ ರೋಮನ್ ಅಕ್ಷರಗಳ ಮುದ್ದೆಯಾಗಿ ಕಾಣುತ್ತವೆ. ಫೋಟೋಗಳಿಗೆ ಏನೂ ಆಗಿಲ್ಲ. ಒಳಗೆ ನೋಡಿ ಹೊಸ ಹೆಸರು ಕೊಡಿ. ನೂರಾರು ಇದ್ದರೆ ಹಳೆಯ ಹೆಸರನ್ನು ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿದರೆ ಮೂಲ ಹೆಸರು ಸಿಗುವುದೂ ಉಂಟು.

ನನ್ನ ಸಲಹೆ: ತಾರೀಖು ಮೊದಲು, ಆಮೇಲೆ ಎರಡು ಮೂರು ಕನ್ನಡ ಪದ. "2019-11-24 ಶಿರಸಿ ಮದುವೆ". ಹೀಗಿದ್ದರೆ ಫೋಲ್ಡರ್‌ಗಳು ತಾವಾಗಿಯೇ ಕಾಲದ ಸಾಲಿನಲ್ಲಿ ನಿಲ್ಲುತ್ತವೆ. ಕೋಲನ್, ಪ್ರಶ್ನಾರ್ಥಕ ಚಿಹ್ನೆ, ಸ್ಲ್ಯಾಶ್, ನಕ್ಷತ್ರ ಬೇಡ, ವಿಂಡೋಸ್ ಒಪ್ಪುವುದಿಲ್ಲ. ಹೆಸರಿನ ಕೊನೆಯಲ್ಲಿ ಚುಕ್ಕಿ ಅಥವಾ ಖಾಲಿ ಜಾಗವೂ ಬೇಡ. ಮ್ಯಾಕ್‌ನಲ್ಲಿ "ಅಜ್ಜಿ ಮನೆ." ಅಂತ ಚುಕ್ಕಿ ಇಟ್ಟು ಮುಗಿಸಿದ ಫೋಲ್ಡರ್ ವಿಂಡೋಸ್‌ನಲ್ಲಿ ತೆರೆಯಲೂ ಅಳಿಸಲೂ ಬಾರದೆ ಸತಾಯಿಸುತ್ತದೆ.

ಐಫೋನ್‌ನಿಂದ ಲ್ಯಾಪ್‌ಟಾಪ್‌ಗೆ ಕಾಪಿ ಮಾಡುವಾಗ "ಎ ಡಿವೈಸ್ ಅಟ್ಯಾಚ್ಡ್ ಟು ದಿ ಸಿಸ್ಟಮ್ ಈಸ್ ನಾಟ್ ಫಂಕ್ಷನಿಂಗ್" ಅಂತ ಬರುತ್ತದೆ. ಫೋನ್ ಚೆನ್ನಾಗಿಯೇ ಇದೆ!

ಹೌದು, ಫೋನ್ ಚೆನ್ನಾಗಿಯೇ ಇರುತ್ತದೆ. 2017ರ ಐಓಎಸ್ 11ರಿಂದ ಐಫೋನ್ ಫೋಟೋಗಳನ್ನು ಎಚ್‌ಇಐಸಿ ರೂಪದಲ್ಲಿ ಇಡುತ್ತದೆ. ವಿಂಡೋಸ್‌ಗೆ ಕಳಿಸುವಾಗ ಒಂದೊಂದನ್ನೂ ಜೆಪಿಜಿಗೆ ಬದಲಿಸುತ್ತಾ ಹೋಗುತ್ತದೆ. ಆ ಕೆಲಸದಲ್ಲಿ ಹಿಂದೆ ಬಿದ್ದಾಗ ವಿಂಡೋಸ್ ಹೀಗೆ ಕೂಗುತ್ತದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಫೋಟೋಸ್ ಒಳಗೆ ಕೆಳಗೆ "ಟ್ರಾನ್ಸ್‌ಫರ್ ಟು ಮ್ಯಾಕ್ ಆರ್ ಪಿಸಿ" ಇದೆ. ಅದನ್ನು "ಕೀಪ್ ಒರಿಜಿನಲ್ಸ್" ಮಾಡಿ. ಐಓಎಸ್ 18ರಿಂದ ಈಚೆಗೆ ಸೆಟ್ಟಿಂಗ್ಸ್‌ನಲ್ಲಿ ಮೊದಲು ಆ್ಯಪ್ಸ್, ಅದರೊಳಗೆ ಫೋಟೋಸ್. ಎಚ್‌ಇಐಸಿ ಫೋಟೋ ವಿಂಡೋಸ್‌ನಲ್ಲಿ ತೆರೆಯದಿದ್ದರೆ ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಎಚ್‌ಇಐಎಫ್ ಇಮೇಜ್ ಎಕ್ಸ್‌ಟೆನ್ಶನ್ಸ್ ಹಾಕಿಕೊಳ್ಳಿ.

ಎರರ್ ಇಲ್ಲದೆ ಮುಗಿದರೂ ಒಂದು ವಿಷಯ ನೋಡಿ. ಐಕ್ಲೌಡ್‌ನಲ್ಲಿ "ಆಪ್ಟಿಮೈಸ್ ಐಫೋನ್ ಸ್ಟೋರೇಜ್" ಆನ್ ಇದ್ದರೆ ಹಳೆಯ ಫೋಟೋಗಳ ಮೂಲಪ್ರತಿ ಫೋನಿನಲ್ಲಿ ಇರುವುದೇ ಇಲ್ಲ. ಕೇಬಲ್‌ನಿಂದ ಕಾಪಿ ಮಾಡಿದರೆ ಅವು ಬರುವುದಿಲ್ಲ. ಐಕ್ಲೌಡ್‌ನಿಂದಲೇ ಇಳಿಸಿಕೊಳ್ಳಬೇಕು.

ಆಂಡ್ರಾಯ್ಡ್ ಫೋನ್ ಕೇಬಲ್‌ನಲ್ಲಿ ಪದೇ ಪದೇ ಹ್ಯಾಂಗ್ ಆಗುತ್ತಿದ್ದರೆ ಸ್ಕ್ರೀನ್ ಲಾಕ್ ಆಗಲು ಬಿಡದೆ, ಒಮ್ಮೆಗೆ ಒಂದೇ ಫೋಲ್ಡರ್ ಕಾಪಿ ಮಾಡಿ. ಕೇಬಲ್ ಹಾಕಿದರೆ ಬರೀ ಚಾರ್ಜ್ ಆಗಿ ಫೋಲ್ಡರ್ ಕಾಣದಿದ್ದರೆ ಮೊದಲು ಫೋನಿನಲ್ಲಿ "ಫೈಲ್ ಟ್ರಾನ್ಸ್‌ಫರ್" ಆರಿಸಿ. ಆಗಲೂ ಬರದಿದ್ದರೆ ಕೇಬಲ್‌ನಲ್ಲಿ ಡೇಟಾ ತಂತಿಯೇ ಇಲ್ಲದಿರಬಹುದು.

ಗೂಗಲ್ ಫೋಟೋಸ್‌ನಲ್ಲಿ "ಬ್ಯಾಕಪ್ ಕಂಪ್ಲೀಟ್" ಅಂತ ಇದೆ. ಇನ್ನು ಹಾರ್ಡ್ ಡಿಸ್ಕ್ ಯಾಕೆ?

ಮೂರು ಕಾರಣ. ಕ್ಯಾಮೆರಾ ಬಿಟ್ಟು ವಾಟ್ಸಾಪ್‌ನಂಥ ಬೇರೆ ಫೋಲ್ಡರ್‌ಗಳು ನೀವು ಆನ್ ಮಾಡದ ಹೊರತು ಮೇಲೆ ಹೋಗುವುದಿಲ್ಲ. ಅವುಗಳನ್ನು ಲೆಕ್ಕಕ್ಕೇ ಹಿಡಿಯದೆ "ಕಂಪ್ಲೀಟ್" ಅನ್ನುತ್ತದೆ. ಎರಡು, "ಸ್ಟೋರೇಜ್ ಸೇವರ್" ಇದ್ದರೆ ದೊಡ್ಡ ಫೋಟೋಗಳನ್ನು 16 ಮೆಗಾಪಿಕ್ಸೆಲ್‌ಗೆ ಇಳಿಸುತ್ತದೆ. ಮೂರು, ಆ್ಯಪ್‌ನಲ್ಲಿ ಒಂದು ಫೋಟೋ ಅಳಿಸಿದರೆ ಕ್ಲೌಡ್‌ನಲ್ಲೂ ಅಳಿಯುತ್ತದೆ. ಬಿನ್‌ನಲ್ಲಿ 60 ದಿನ ಇದ್ದು ಆಮೇಲೆ ಹೋಗುತ್ತದೆ. ಫೋನಿನ ಜಾಗ ಮಾತ್ರ ಖಾಲಿಯಾಗಬೇಕಾದರೆ ಡಿಲೀಟ್ ಮುಟ್ಟದೆ "ಫ್ರೀ ಅಪ್ ಸ್ಪೇಸ್" ಬಳಸಿ.

ಅರ್ಧಕ್ಕೆ ನಿಂತಿದ್ದರೆ ಹೆಚ್ಚಾಗಿ ಜಾಗ ಮುಗಿದಿರುತ್ತದೆ. ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ನಿಂತಿತು. ಈಗ ಜಿಮೇಲ್, ಡ್ರೈವ್, ಫೋಟೋಸ್ ಎಲ್ಲಕ್ಕೂ ಸೇರಿ 15 ಜಿಬಿ. ಅದು ತುಂಬಿದರೆ ಮೇಲ್ ಬರುವುದೂ ನಿಲ್ಲುತ್ತದೆ.

ಗೂಗಲ್ ಫೋಟೋಸ್‌ನಲ್ಲಿದ್ದದ್ದನ್ನು ಗೂಗಲ್‌ನ ಟೇಕ್‌ಔಟ್ ಸೇವೆಯಿಂದ ಎಲ್ಲ ಇಳಿಸಿಕೊಂಡೆ. ಫೋಟೋಗಳೆಲ್ಲ ಇವತ್ತಿನ ತಾರೀಖು ತೋರಿಸುತ್ತಿವೆ!

ಫೈಲಿನ ತಾರೀಖು ಬೇರೆ, ಫೋಟೋ ತೆಗೆಯುವಾಗ ಕ್ಯಾಮೆರಾ ಅದರೊಳಗೆ ಬರೆದಿಡುವ ಎಕ್ಸಿಫ್ ತಾರೀಖು ಬೇರೆ. ಇಳಿಸಿದ ದಿನ ಫೈಲಿಗೆ ಅಂಟಿಕೊಂಡಿದೆ, ಅಷ್ಟೇ. ಕ್ಯಾಮೆರಾದಿಂದ ಬಂದ ಫೋಟೋಗಳಲ್ಲಿ ಎಕ್ಸಿಫ್ ಹಾಗೇ ಇರುತ್ತದೆ. ವಿಂಡೋಸ್‌ನಲ್ಲಿ "ಡೇಟ್ ಟೇಕನ್" ಮೇಲೆ ಸಾಲು ಮಾಡಿದರೆ ಸರಿಯಾಗುತ್ತದೆ.

ನಿಜವಾದ ತೊಂದರೆ ಸ್ಕ್ಯಾನ್ ಮಾಡಿದ ಹಳೆಯ ಫೋಟೋ ಮತ್ತು ವಾಟ್ಸಾಪ್ ಫೋಟೋಗಳದ್ದು. ಅವುಗಳಲ್ಲಿ ಎಕ್ಸಿಫ್ ಇಲ್ಲ. ನೀವು ಗೂಗಲ್‌ನಲ್ಲಿ ಕೂತು ತಿದ್ದಿದ ತಾರೀಖು, ಬರೆದ ವಿವರ ಪಕ್ಕದ ಜೆಸಾನ್ ಫೈಲ್‌ನಲ್ಲಿ ಬಂದಿರುತ್ತವೆ. ಆ ಜೆಸಾನ್ ಫೈಲ್‌ಗಳನ್ನು ಕಸ ಅಂತ ಅಳಿಸಬೇಡಿ. ಎಲ್ಲ ಜಿಪ್‌ಗಳನ್ನೂ ಒಂದೇ ಫೋಲ್ಡರ್‌ಗೆ ಬಿಚ್ಚಿ, ಯಾಕೆಂದರೆ ಫೋಟೋ ಒಂದು ಜಿಪ್‌ನಲ್ಲಿ, ಅದರ ಜೆಸಾನ್ ಇನ್ನೊಂದರಲ್ಲಿ ಇರಬಹುದು. ಆಮೇಲೆ ಎಕ್ಸಿಫ್‌ಟೂಲ್ ಅನ್ನುವ ಸಾಫ್ಟ್‌ವೇರ್‌ನಿಂದ ಜೆಸಾನ್‌ನ ತಾರೀಖನ್ನು ಫೋಟೋ ಒಳಗೆ ಬರೆಸಬಹುದು. ವಾಟ್ಸಾಪ್ ಫೋಟೋಗೆ ಇನ್ನೂ ಸುಲಭ ದಾರಿ ಇದೆ: ಆಂಡ್ರಾಯ್ಡ್‌ನಲ್ಲಿ ಫೈಲ್ ಹೆಸರಿನಲ್ಲೇ ವರ್ಷ, ತಿಂಗಳು, ದಿನ ಇರುತ್ತದೆ.

ಟೇಕ್‌ಔಟ್ ಕೇಳುವಾಗ 2 ಜಿಬಿ ತುಂಡು ಬಿಟ್ಟು 10 ಅಥವಾ 50 ಜಿಬಿ ಆರಿಸಿ. ಡೌನ್‌ಲೋಡ್ ಲಿಂಕ್ ಸುಮಾರು ಒಂದು ವಾರ ಮಾತ್ರ ಇರುತ್ತದೆ. ನೆಟ್ ಚೆನ್ನಾಗಿರುವ ಕಡೆ ಇರುವಾಗಲೇ ಕೇಳಿ. ಆಲ್ಬಂನಲ್ಲಿರುವ ಫೋಟೋ ಎರಡು ಸಲ ಬಂದಿದ್ದರೆ ಅದೂ ಮಾಮೂಲು: ವರ್ಷದ ಫೋಲ್ಡರ್‌ನಲ್ಲೊಂದು, ಆಲ್ಬಂ ಫೋಲ್ಡರ್‌ನಲ್ಲೊಂದು.

ಒನ್‌ಡ್ರೈವ್ ಫೋಲ್ಡರ್ ಕಾಪಿ ಮಾಡಿದರೆ "ದಿ ಕ್ಲೌಡ್ ಫೈಲ್ ಪ್ರೊವೈಡರ್ ಈಸ್ ನಾಟ್ ರನ್ನಿಂಗ್" ಅನ್ನುತ್ತದೆ.

ಅಲ್ಲಿರುವುದು ಫೋಟೋದ ಹೆಸರು ಮಾತ್ರ. ಪಕ್ಕದಲ್ಲಿ ಮೋಡದ ಗುರುತು ಇದ್ದರೆ ಫೋಟೋ ಕ್ಲೌಡ್‌ನಲ್ಲಿದೆ. ಒನ್‌ಡ್ರೈವ್ ಶುರು ಮಾಡಿ, ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ "ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್" ಕೊಡಿ. ಎಲ್ಲ ಹಸಿರು ಟಿಕ್ ಆದ ಮೇಲೆ ಕಾಪಿ ಮಾಡಿ.

500 ಜಿಬಿ ಕ್ಲೌಡ್‌ಗೆ ಹಾಕಲು ಎಷ್ಟು ದಿನ?

ನಿಮ್ಮ ಅಪ್‌ಲೋಡ್ ವೇಗ ನೋಡಿ, ಡೌನ್‌ಲೋಡ್ ಅಲ್ಲ. 20 ಎಂಬಿಪಿಎಸ್ ಅಪ್‌ಲೋಡ್ ಅಂದರೆ ಸೆಕೆಂಡಿಗೆ 2.5 ಎಂಬಿ. ಎಡೆಬಿಡದೆ ಓಡಿದರೂ 55 ಗಂಟೆ. ದಿನಕ್ಕೆ 2 ಜಿಬಿ ಸಿಗುವ ಮೊಬೈಲ್ ಪ್ಯಾಕ್‌ನಲ್ಲಾದರೆ 250 ದಿನ. ಹಾಗಾಗಿ ಮೊದಲು ಹಾರ್ಡ್ ಡಿಸ್ಕ್ ಬ್ಯಾಕಪ್ ಮುಗಿಸಿ. ಕ್ಲೌಡ್‌ಗೆ ಆಯ್ದ ಫೋಟೋಗಳನ್ನು ರಾತ್ರಿ ಹೊತ್ತು ಕಳಿಸಿ. ಇಡೀ ಸಂಗ್ರಹ ಊರಾಚೆ ಇರಬೇಕು ಅಂತಿದ್ದರೆ ಇನ್ನೊಂದು ಡಿಸ್ಕ್‌ನಲ್ಲಿ ಹಾಕಿ ತಂಗಿ ಮನೆಯಲ್ಲೋ ಅಣ್ಣನ ಮನೆಯಲ್ಲೋ ಇಡುವುದು ಎಷ್ಟೋ ಬೇಗ.

"ಆಕ್ಸೆಸ್ ಡಿನೈಡ್" ಮತ್ತು "ಫೈಲ್ ಈಸ್ ಓಪನ್ ಇನ್ ಅನದರ್ ಪ್ರೋಗ್ರಾಂ"?

ಎರಡನೆಯದು ಸುಲಭ. ಲೈಟ್‌ರೂಮ್, ಫೋಟೋಸ್ ಆ್ಯಪ್ ಮುಚ್ಚಿ. ಲೈಟ್‌ರೂಮ್ ಬಳಸುವ ಸ್ಟುಡಿಯೋದವರು ಗಮನಿಸಿ: ಅದು ಮುಚ್ಚುವಾಗ ಕೇಳುವ "ಬ್ಯಾಕಪ್" ಕ್ಯಾಟಲಾಗ್‌ನದ್ದು ಮಾತ್ರ. ಫೋಟೋ ಒಂದೂ ಅದರಲ್ಲಿ ಇರುವುದಿಲ್ಲ.

ಆಕ್ಸೆಸ್ ಡಿನೈಡ್ ಹಳೆಯ ಕಂಪ್ಯೂಟರ್‌ನಿಂದ ತೆಗೆದ ಡಿಸ್ಕ್‌ನಲ್ಲಿ ಬಂದರೆ ಆ ಫೋಲ್ಡರ್ ಹಳೆಯ ಬಳಕೆದಾರನ ಹೆಸರಿನಲ್ಲಿದೆ. ಪ್ರಾಪರ್ಟೀಸ್‌ನ ಸೆಕ್ಯುರಿಟಿಯಲ್ಲಿ ಮಾಲೀಕತ್ವ ಬದಲಿಸಿ. ಬ್ಯಾಕಪ್ ಸಾಫ್ಟ್‌ವೇರ್ ಒಂದಕ್ಕೇ ಬರುತ್ತಿದ್ದರೆ ವಿಂಡೋಸ್ ಸೆಕ್ಯುರಿಟಿಯ ರಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ರಕ್ಷಣೆ ಅದನ್ನು ತಡೆಯುತ್ತಿರಬಹುದು. ಇಡೀ ರಕ್ಷಣೆ ಆಫ್ ಮಾಡದೆ ಆ ಸಾಫ್ಟ್‌ವೇರ್‌ಗೆ ಮಾತ್ರ ಒಪ್ಪಿಗೆ ಕೊಡಿ.

ಮೂಲದಲ್ಲಿರುವ ಫೈಲ್ ಸಂಖ್ಯೆಗೂ ಬ್ಯಾಕಪ್‌ನ ಸಂಖ್ಯೆಗೂ ತಾಳೆ ಆಗುತ್ತಿಲ್ಲ.

ಇದನ್ನು ನೋಡುವ ಅಭ್ಯಾಸ ನಿಮಗಿದ್ದರೆ ಮೊದಲು ಶಭಾಷ್. ಐದೋ ಹತ್ತೋ ವ್ಯತ್ಯಾಸ ಹೆಚ್ಚಾಗಿ ಥಂಬ್ಸ್ ಡಿಬಿ, ಡೆಸ್ಕ್‌ಟಾಪ್ ಐಎನ್‌ಐನಂಥ ಅಡಗಿದ ಫೈಲ್‌ಗಳದ್ದು, ಚಿಂತೆ ಇಲ್ಲ. ದೊಡ್ಡ ವ್ಯತ್ಯಾಸ ಇದ್ದರೆ ಕ್ಯಾಮೆರಾ ನಂಬರ್ ಮೇಲೆ ಸಂಶಯಪಡಿ. ಬಹುತೇಕ ಕ್ಯಾಮೆರಾಗಳು 9999 ಮುಟ್ಟಿದ ಮೇಲೆ ಮತ್ತೆ 0001ರಿಂದ ಶುರು ಮಾಡುತ್ತವೆ. ಎರಡು ಬೇರೆ ವರ್ಷದ ಫೋಟೋಗೆ ಒಂದೇ ಹೆಸರು. ಎಲ್ಲವನ್ನೂ ಒಂದೇ ಫೋಲ್ಡರ್‌ಗೆ ಸುರಿದು "ರೀಪ್ಲೇಸ್" ಒತ್ತಿದರೆ ಹಳೆಯದು ಹೋಯಿತು. ಎರರ್ ಇಲ್ಲ, ಎಚ್ಚರಿಕೆ ಒಂದೇ ಸಲ. ಈ ಒಂದು ಕಾರಣಕ್ಕೇ ವರ್ಷ ವರ್ಷಕ್ಕೆ ಬೇರೆ ಫೋಲ್ಡರ್ ಇರಬೇಕು.

ಸಂಖ್ಯೆ ತಾಳೆಯಾದರೂ ಒಳಗಿನದು ಸರಿಯಿದೆ ಅಂತಲ್ಲ. ಟೆರಾಕಾಪಿ ಅನ್ನುವ ಕಾಪಿ ಸಾಫ್ಟ್‌ವೇರ್‌ನಲ್ಲಿ "ವೆರಿಫೈ" ಆನ್ ಮಾಡಿದರೆ ಬರೆದದ್ದನ್ನು ಮತ್ತೆ ಓದಿ ಮೂಲಕ್ಕೆ ಹೋಲಿಸುತ್ತದೆ. ಸಮಯ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ. ಆಮೇಲೆ ಬ್ಯಾಕಪ್ ಡಿಸ್ಕನ್ನು ಬೇರೆ ಕಂಪ್ಯೂಟರ್‌ಗೆ ಹಾಕಿ, ಬೇರೆ ಬೇರೆ ವರ್ಷಗಳಿಂದ ಒಂದಷ್ಟು ಫೋಟೋ, ಒಂದೆರಡು ವಿಡಿಯೋ ಪೂರ್ತಿ ತೆರೆದು ನೋಡಿ. ಚಿಕ್ಕ ಚಿತ್ರ ನೋಡಿ ಸಮಾಧಾನಪಡಬೇಡಿ. ಫೈಲ್ ಅರ್ಧ ಕೆಟ್ಟಿದ್ದರೂ ಅದು ಚೆನ್ನಾಗಿಯೇ ಕಾಣಬಹುದು.

ರೋಬೋಕಾಪಿ ಒಳ್ಳೆಯದು ಅನ್ನುತ್ತಾರೆ. ನನ್ನದು ರಾತ್ರಿಯಿಡೀ ಒಂದೇ ಫೈಲ್ ಹತ್ತಿರ ನಿಂತಿತ್ತು.

ಒಳ್ಳೆಯದೇ. ವಿಂಡೋಸ್‌ನಲ್ಲೇ ಇರುವ, ಆಜ್ಞೆ ಟೈಪ್ ಮಾಡಿ ಓಡಿಸುವ ಕಾಪಿ ಸಾಧನ ಅದು. ಆದರೆ ಓದಲು ಬರದ ಫೈಲ್ ಸಿಕ್ಕರೆ ನೀವು ಮಿತಿ ಹೇಳದೆ ಇದ್ದಾಗ ಅದು 30 ಸೆಕೆಂಡಿಗೊಮ್ಮೆ 10 ಲಕ್ಷ ಸಲ ಪ್ರಯತ್ನಿಸುತ್ತದೆ! ಸ್ಲ್ಯಾಶ್ ಆರ್ ಮುಂದೆ ಕೋಲನ್ ಹಾಕಿ 2, ಸ್ಲ್ಯಾಶ್ ಡಬ್ಲ್ಯೂ ಮುಂದೆ ಕೋಲನ್ ಹಾಕಿ 5 ಅಂತ ಕೊಡಿ. ಲಾಗ್ ಫೈಲ್ ಬರೆಸಿ. ಬಿಟ್ಟುಹೋದವುಗಳ ಪಟ್ಟಿ ಅದರಲ್ಲಿ ಸಿಗುತ್ತದೆ. ಸ್ಲ್ಯಾಶ್ ಎಂಐಆರ್ ಮಾತ್ರ ಹುಷಾರು. ಮೂಲದಲ್ಲಿ ಇಲ್ಲದ್ದನ್ನು ಬ್ಯಾಕಪ್‌ನಿಂದಲೂ ಅಳಿಸುವುದೇ ಅದರ ಕೆಲಸ. ಎರಡು ಫೋಲ್ಡರ್ ಹೆಸರು ಅದಲು ಬದಲಾದರೆ ಖಾಲಿ ಡಿಸ್ಕ್ ನಿಮ್ಮ ಫೋಟೋಗಳನ್ನು ಖಾಲಿ ಮಾಡುತ್ತದೆ. ಫ್ರೀಫೈಲ್‌ಸಿಂಕ್‌ನ "ಮಿರರ್" ಕೂಡ ಇದೇ ಜಾತಿ, ಆದರೆ ಅಲ್ಲಿ ಮಾಡುವ ಮೊದಲು ಪಟ್ಟಿ ತೋರಿಸುತ್ತದೆ.

ನಾವು ಅಮೆರಿಕದಲ್ಲಿದ್ದೇವೆ. ಮಾರ್ಚ್, ನವೆಂಬರ್ ಬಂದರೆ ಎಲ್ಲ ಫೋಟೋ ಬದಲಾಗಿದೆ ಅಂತ ಮತ್ತೆ ಕಾಪಿ ಆಗುತ್ತದೆ.

ಅಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರ ಒಂದು ಗಂಟೆ ಹಿಂದೆ ಮುಂದೆ ಮಾಡುವ ಪರಿಣಾಮ. ಎಫ್‌ಎಟಿ 32 ಡಿಸ್ಕ್ ಸ್ಥಳೀಯ ಸಮಯ ಬರೆದಿಡುತ್ತದೆ, ಹಾಗಾಗಿ ಎಲ್ಲ ಫೈಲೂ ಒಂದು ಗಂಟೆ ಸರಿದಂತೆ ಕಾಣುತ್ತದೆ. ಸಿಂಕ್ ಸಾಫ್ಟ್‌ವೇರ್‌ನಲ್ಲಿ ಒಂದು ಗಂಟೆಯ ವ್ಯತ್ಯಾಸ ಲೆಕ್ಕಿಸಬೇಡ ಅನ್ನುವ ಆಯ್ಕೆ ಇರುತ್ತದೆ. ಡಿಸ್ಕ್ ಎನ್‌ಟಿಎಫ್‌ಎಸ್ ಮಾಡಿದರೆ ತೊಂದರೆಯೇ ಇಲ್ಲ.

ಬ್ಯಾಕಪ್ ಡಿಸ್ಕನ್ನು ಯಾವಾಗಲೂ ಸಿಕ್ಕಿಸಿಯೇ ಇಟ್ಟರೆ ಸುಲಭ ಅಲ್ವಾ?

ಸುಲಭ, ರಾನ್ಸಮ್‌ವೇರ್‌ಗೂ ಸುಲಭ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಜೊತೆ ಬರುವ ಈ ಪಿಡುಗು ಸಿಕ್ಕಿಸಿರುವ ಎಲ್ಲ ಡಿಸ್ಕನ್ನೂ ಮುಟ್ಟುತ್ತದೆ. ಫೋಟೋಗಳ ಹೆಸರಿನ ಕೊನೆಗೆ ಗುರುತಿಲ್ಲದ ಬಾಲ ಸೇರಿದ್ದರೆ ಆ ಕಂಪ್ಯೂಟರ್‌ಗೆ ಬ್ಯಾಕಪ್ ಡಿಸ್ಕ್ ಹಾಕಲೇಬೇಡಿ. ಕೆಲಸ ಆದ ಮೇಲೆ ಇಜೆಕ್ಟ್ ಮಾಡಿ ತೆಗೆದಿಡಿ. ಮಲೆನಾಡು, ಕರಾವಳಿಯ ತೇವಕ್ಕೆ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿ ಒಳ್ಳೆಯದು.

2005ರ ಸುಮಾರಿನ ಮದುವೆ ಫೋಟೋ ಇರುವ ಸಿಡಿ, ಡಿವಿಡಿ ಕಾಪಿ ಆಗುತ್ತಿಲ್ಲ.

ಮನೆಯಲ್ಲಿ ಬರೆದ ಡಿವಿಡಿಯ ಬಣ್ಣದ ಪದರ ಕಾಲಕ್ರಮೇಣ ಮಾಸುತ್ತದೆ. ತೇವ ಇರುವ ಕಡೆ ಬೂಷ್ಟೂ ಹಿಡಿಯುತ್ತದೆ. ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಿ, ಸುತ್ತು ಹಾಕಿ ಉಜ್ಜಬೇಡಿ. ಆಮೇಲೆ ಬೇರೆ ಬೇರೆ ಡ್ರೈವ್‌ನಲ್ಲಿ ಹಾಕಿ ನೋಡಿ. ಒಂದು ಡ್ರೈವ್ ಓದದ ಡಿಸ್ಕನ್ನು ಇನ್ನೊಂದು ಓದುವುದು ಅಪರೂಪವೇನಲ್ಲ. ಓದಿದ ತಕ್ಷಣ ಇಡೀ ಡಿಸ್ಕ್ ಹಾರ್ಡ್ ಡಿಸ್ಕ್‌ಗೆ ಎಳೆದುಕೊಳ್ಳಿ, ಆಯ್ಕೆ ಮಾಡುತ್ತಾ ಕೂರಬೇಡಿ. ಯಾವುದೂ ಆಗದಿದ್ದರೆ ಆಗ ಫೋಟೋ ತೆಗೆದ ಸ್ಟುಡಿಯೋಗೊಂದು ಫೋನ್ ಮಾಡಿ. ಹಳೆಯ ಡಿಸ್ಕ್‌ಗಳನ್ನು ಇಟ್ಟುಕೊಂಡಿರುವವರು ಇದ್ದಾರೆ.